ಹತ್ತು ರಾಗ, ಒಂದೇ ಲಯ

ಚರಣ್‌ಜಿತ್ ಸಿಂಗ್ ಅವರ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಎಲ್‌ಪಿಯನ್ನು ಇಂದು ಕೇಳುವವರಲ್ಲಿ ಬಹುಪಾಲು ಜನ ಅದರ ಕೊರಳಿನ ಪದಕ ನೋಡಿಯೇ ಕೇಳಲು ಕೂತವರು. ಜಗತ್ತಿನ ಮೊದಲ ‘ಆಸಿಡ್ ಹೌಸ್’ ನೃತ್ಯಸಂಗೀತ ಚಿಕಾಗೊದ್ದಲ್ಲ, ಮುಂಬೈಯದು ಎಂಬುದು ಆ ಪದಕ. ಕೇಳುವುದಕ್ಕೆ ಹಿತವಾಗಿದೆ, ನಮ್ಮ ಅಭಿಮಾನಕ್ಕೂ ಒಗ್ಗುತ್ತದೆ. ಆದರೆ ಸಂಗೀತ ಕೇಳುವುದಕ್ಕೆ ಅದೇ ದೊಡ್ಡ ಅಡ್ಡಿ.

ಸಿಂಗ್ ಮುಂಬೈಯ ಚಿತ್ರಗೀತೆಗಳ ವಾದ್ಯವೃಂದದಲ್ಲಿ ದುಡಿದ ವಾದಕ. ‘ಕುರ್ಬಾನಿ’ 1980ರಲ್ಲಿ ಬಂದ ಮೇಲೆ ಹಿಂದಿ ಚಿತ್ರರಂಗಕ್ಕೆ ಡಿಸ್ಕೊ ಹುಚ್ಚು ಹಿಡಿದಿತ್ತು. ಆ ಗದ್ದಲದ ನಡುವೆ, 1982ರಲ್ಲಿ, ಅವರು ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು ರಾಗ ನುಡಿಸಿದರು. ಜುಪಿಟರ್-8 ಸಿಂಥಸೈಜರಿನಲ್ಲಿ ರಾಗ, ಟಿಆರ್-808ರಲ್ಲಿ ಡ್ರಮ್, ಟಿಬಿ-303ರಲ್ಲಿ ಮಂದ್ರದ ಪಲುಕು. ತಬಲಾಕ್ಕೆ ರಜೆ. ಎಚ್‌ಎಂವಿ ಪ್ಲೇಟು ತಂದಿತು, ಯಾರೂ ಕೊಳ್ಳಲಿಲ್ಲ, ಮರುಮುದ್ರಣದ ಮಾತೇ ಬರಲಿಲ್ಲ. ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ 2002ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕಿತು. 2010ರಲ್ಲಿ ಅವರೇ ಅದನ್ನು ಮತ್ತೆ ಹೊರತಂದರು. ಅಂತರ್ಜಾಲದಲ್ಲಿ ಹಾಡುಗಳು ಹರಿದಾಡತೊಡಗಿದಾಗ, ಇದು ಏಫೆಕ್ಸ್ ಟ್ವಿನ್ ಹೆಸರಿನ ಇಂಗ್ಲಿಷ್ ಸಂಗೀತಗಾರ ಮಾಡಿದ ಕುಚೋದ್ಯವಿರಬೇಕು ಎಂಬ ಗುಮಾನಿಯೂ ಎದ್ದಿತ್ತು! ಮುಂಬೈಯ ವಾದಕನೊಬ್ಬ ತನ್ನ ಪಾಡಿಗೆ ಇಂಥದ್ದನ್ನು ನುಡಿಸಿರಬಹುದು ಎಂದು ನಂಬುವುದಕ್ಕಿಂತ ಅದು ಸುಲಭವಾಗಿತ್ತು, ಪಾಪ.

ಪದಕದ ವಾದ ನಿಂತಿರುವುದು ಟಿಬಿ-303 ಎಂಬ ಪುಟ್ಟ ಯಂತ್ರದ ಮೇಲೆ. ಚಿಕಾಗೊದ ಫ್ಯೂಚರ್ ತಂಡ 1987ರಲ್ಲಿ ತಂದ ‘ಆಸಿಡ್ ಟ್ರ್ಯಾಕ್ಸ್’ನಲ್ಲೂ ಇದೇ ಯಂತ್ರ. ಅಲ್ಲಿ ನಾಲ್ಕಾರು ಸ್ವರಗಳ ಒಂದು ತುಣುಕು ತಿರುಗುತ್ತಲೇ ಇರುತ್ತದೆ. ಗುಂಡಿಗಳನ್ನು ತಿರುವಿದಂತೆ ನಾದದ ಬಣ್ಣ ಬದಲಾಗುತ್ತದೆ. ಆ ತಿರುವುವಿಕೆಯೇ ಅಲ್ಲಿಯ ಸಂಗೀತ. ಸಿಂಗ್ ಅವರಿಗೆ ಬೇಕಾದದ್ದು ಸ್ವರಸಂಚಾರ. ಅವರ ರೆಕಾರ್ಡಿನಲ್ಲಿ 303 ಹಿಂದೆ ಕೂತು ಲಯ ಹಿಡಿದಿರುತ್ತದೆ, ಮೇಲೆ ಜುಪಿಟರ್ ರಾಗವನ್ನು ಬಿಡಿಸುತ್ತ ಹೋಗುತ್ತದೆ. ಒಂದೇ ಕತ್ತಿಯಿಂದ ಒಬ್ಬ ತರಕಾರಿ ಹೆಚ್ಚಿದ, ಇನ್ನೊಬ್ಬ ಬಿದಿರು ಸೀಳಿದ. ಮೊದಲು ಸೀಳಿದವನು ಯಾರು ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ರಾಗವಾಗಿ ಹೇಗಿದೆ? ಒಂದೇ ಸಮನಾಗಿಲ್ಲ. ಕಲಾವತಿ ಚೆನ್ನಾಗಿದೆ. ಕರ್ನಾಟಕ ಸಂಗೀತದ ಕಿವಿಗೆ ಅದು ವಲಚಿ: ರಿಷಭವಿಲ್ಲ, ಮಧ್ಯಮವಿಲ್ಲ, ಐದೇ ಸ್ವರ. ಸ್ವರಗಳ ನಡುವಿನ ಅಂತರ ದೊಡ್ಡದಾದ್ದರಿಂದ ಯಂತ್ರದ ನೇರ ನಡಿಗೆ ಅದಕ್ಕೆ ಒಪ್ಪುತ್ತದೆ. ಭೂಪಾಲಿ, ಬೈರಾಗಿ, ಅಂದರೆ ನಮ್ಮ ಮೋಹನ, ರೇವತಿಗಳಿಗೂ ಹೆಚ್ಚೇನೂ ಗಾಯವಾಗಿಲ್ಲ. ಲಲಿತ್‌ನಲ್ಲಿ ಎರಡು ಮಧ್ಯಮಗಳು ಒಂದರ ಬೆನ್ನಿಗೊಂದು ಬರುವಾಗ ಸಿಂಥಸೈಜರಿನ ಜಾರು ನಿಜಕ್ಕೂ ಚುರುಕು ಮುಟ್ಟಿಸುತ್ತದೆ. ತೋಡಿ ಮಾತ್ರ ಸೊರಗಿದೆ (ನಮ್ಮ ತೋಡಿಯಲ್ಲ, ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಶುಭಪಂತುವರಾಳಿ). ಅದರ ಗಾಂಧಾರ ಕೀಬೋರ್ಡಿನ ಮನೆಗಿಂತ ತುಸು ತಗ್ಗಿನಲ್ಲಿ ತೂಗಬೇಕಾದದ್ದು. ಸಮಪ್ರಮಾಣದಲ್ಲಿ ಕತ್ತರಿಸಿಟ್ಟ ಹನ್ನೆರಡು ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ತಾಳದ್ದು. ತಬಲಾ ಹೋದದ್ದು ನನಗೆ ಬೇಸರವಿಲ್ಲ, ಸಮ್ ಹೋದದ್ದು ಬೇಸರ. ತೀನ್‌ತಾಲದ ಹದಿನಾರು ಮಾತ್ರೆಗಳು ಸುತ್ತು ಮುಗಿಸಿ ಸಮ್‌ಗೆ ಬಂದು ಬೀಳುವ ಸುಖ, ಎಲ್ಲ ಪೆಟ್ಟೂ ಒಂದೇ ತೂಕದ 808ರ ಡಿಸ್ಕೊ ನಡೆಯಲ್ಲಿ ಸಿಗುವುದಿಲ್ಲ. ಮೇಘ್ ಮಲ್ಹಾರಕ್ಕೂ ಯಮನ್‌ಗೂ ಹೆಚ್ಚುಕಡಿಮೆ ಅದೇ ಲಯ, ಅದೇ ಐದು ನಿಮಿಷ. ಹತ್ತನ್ನೂ ಒಟ್ಟಿಗೆ ಕೇಳಿದರೆ ಆಯಾಸವಾಗುತ್ತದೆ. ಎರಡು ಅಥವಾ ಮೂರು ಕೇಳಿ ನಿಲ್ಲಿಸಿದರೆ ಸೊಗಸು.

ಇಷ್ಟೆಲ್ಲ ತಕರಾರು ತೆಗೆಯಲು ಸಾಧ್ಯವಾದದ್ದೂ ಹುಡುಕಿದವರ ದೆಸೆಯಿಂದಲೇ, ಅದನ್ನು ಮರೆಯಲಾಗದು. ಮರುಮುದ್ರಣದಿಂದಾಗಿ ಸಿಂಗ್ ಇಳಿವಯಸ್ಸಿನಲ್ಲಿ ಯುರೋಪಿನ ವೇದಿಕೆಗಳ ಮೇಲೆ ಈ ರಾಗಗಳನ್ನು ನುಡಿಸಿದರು. ಅವರು ತೀರಿಕೊಂಡದ್ದು 2015ರಲ್ಲಿ. ಇಂಥ ಹಳೆಯ ಪ್ಲೇಟುಗಳನ್ನು ಅಂತರ್ಜಾಲದಲ್ಲಿ ಹಂಚುವವರೂ ಇದ್ದಾರೆ. ಅನುಮತಿ ಇಲ್ಲದೆ ಹಾಗೆ ಹಂಚುವುದು ಕಾನೂನಿನ ಪ್ರಕಾರ ತಪ್ಪು. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಅರವತ್ತು ವರ್ಷ. 1982ರಲ್ಲಿ ಹೊರಬಂದ ಪ್ಲೇಟಿನ ಹಕ್ಕು 2042ರ ಕೊನೆಯವರೆಗೂ ಇರುತ್ತದೆ. ಮಾರುವುದೂ ಇಲ್ಲ, ಬಿಡುವುದೂ ಇಲ್ಲ ಎಂಬ ಮಾಲೀಕರ ಕಪಾಟಿನಲ್ಲಿ ಅಷ್ಟರೊಳಗೆ ಎಷ್ಟೋ ಮೂಲಪ್ರತಿಗಳು ಹಾಳಾಗಬಹುದು. ಹಾಗಾಗಿ ನನ್ನ ಒಲವು ಹಂಚುವವರ ಕಡೆಗೇ.

ಆದರೆ ಹಂಚುವ ರೀತಿ ಸುಧಾರಿಸಬೇಕು. ಮುಳ್ಳಿನ ಕರಕರ ತೆಗೆಯಲು ಹೋಗಿ ತಾರದ ಸ್ವರಗಳ ಹೊಳಪನ್ನೂ ಒರೆಸಿಹಾಕಿದ ಪ್ರತಿಗಳು ಬೇಕಾದಷ್ಟಿವೆ. ಹೊದಿಕೆಯ ಮುಂಭಾಗದ ಬಣ್ಣದ ಚಿತ್ರವಷ್ಟೇ ಇದ್ದು, ಹಿಂಬದಿಯ ಅಕ್ಷರಗಳಿಲ್ಲದವು ಇನ್ನೂ ಹೆಚ್ಚು. ಚಿತ್ರಗೀತೆಯ ಪ್ಲೇಟುಗಳಲ್ಲಿ ವಾದಕರ ಹೆಸರು ಮೊದಲೇ ಅಪರೂಪ. ಅಚ್ಚಾದ ಒಂದೆರಡನ್ನೂ ಕಳೆಯಬಾರದು. ಮನೆಯಲ್ಲಿ ಹಳೆಯ ಎಲ್‌ಪಿಗಳಿದ್ದು ಅವನ್ನು ಕಂಪ್ಯೂಟರಿಗೆ ಇಳಿಸುವವರು ದಯವಿಟ್ಟು ಹೊದಿಕೆಯ ಎರಡೂ ಬದಿ, ನಡುವಿನ ಲೇಬಲ್, ಅದರ ಅಂಚಿನಲ್ಲಿ ಕೊರೆದಿರುವ ಸಂಖ್ಯೆ, ಇಷ್ಟರ ಚಿತ್ರ ತೆಗೆದು ಜೊತೆಗಿಡಿ.