ಸೂತಕವೂ ಶೋಕವೂ: ಬ್ಯಾಂಕಾಕಿನ ಪರದೇಶವಾಸಿಗಳ ದಿನಚರಿಗಳು

ಸಾವಾದ ಮನೆಯಲ್ಲಿ ಇಳಿದುಕೊಂಡಿರುವ ಅತಿಥಿಯ ಸ್ಥಿತಿ ಬಹಳ ಇಕ್ಕಟ್ಟಿನದು. ಅಳುವಷ್ಟು ನಂಟು ಅವನಿಗಿಲ್ಲ. ಎದ್ದು ಹೋಗುವಷ್ಟು ದೂರದವನೂ ಅವನಲ್ಲ. ಒಂದು ಮೂಲೆಯಲ್ಲಿ ಕುಳಿತು, ಯಾರು ಬಂದರು, ಯಾರು ಅತ್ತರು, ಒಲೆ ಹೊತ್ತಿತೋ ಇಲ್ಲವೋ ಎಂಬುದನ್ನು ನೋಡುತ್ತಿರುವುದಲ್ಲದೆ ಅವನಿಗೆ ಬೇರೆ ಕೆಲಸವಿಲ್ಲ. ಮನೆಗೆ ಬದಲಾಗಿ ಒಂದು ದೇಶವೇ ದುಃಖದಲ್ಲಿದ್ದು, ಅತಿಥಿಯು ಉದ್ಯೋಗಾರ್ಥವಾಗಿ ಅಲ್ಲಿ ನೆಲಸಿದ ಪರದೇಶದವನಾಗಿ, ಬರೆಯುವ ಅಭ್ಯಾಸವುಳ್ಳವನೂ ಆಗಿದ್ದರೆ, ಅವನ ನೋಟಗಳು ಒಂದು ಬಗೆಯ ಸಾಹಿತ್ಯವಾಗುತ್ತವೆ. ಈ ಸಾಹಿತ್ಯದ ಗುಣದೋಷಗಳನ್ನು ವಿಚಾರಿಸುವುದಕ್ಕೆ, 2016-17ರಲ್ಲಿ ಥಾಯ್ಲೆಂಡಿನ ರಾಜಧಾನಿಯಾದ ಬ್ಯಾಂಕಾಕಿನಲ್ಲಿದ್ದ ಪರದೇಶವಾಸಿಗಳು ಬರೆದಿಟ್ಟ ದಿನಚರಿ, ಪತ್ರ, ಟಿಪ್ಪಣಿಗಳಿಗಿಂತ ಉತ್ತಮವಾದ ಉದಾಹರಣೆ ಸುಲಭವಾಗಿ ದೊರೆಯದು.

2016ನೆಯ ಇಸವಿ ಅಕ್ಟೋಬರ್ 13ರಂದು ಆ ದೇಶದ ದೊರೆಗಳಾದ ಭೂಮಿಬೋಲ್ ಅದುಲ್ಯದೇಜ್ ಅವರು ಸಿರಿರಾಜ್ ಆಸ್ಪತ್ರೆಯಲ್ಲಿ, 88 ವರ್ಷ ವಯಸ್ಸಿನವರಾಗಿ, ತೀರಿಕೊಂಡರು. 1946ರಲ್ಲಿ ಪಟ್ಟಕ್ಕೆ ಬಂದು 70 ವರ್ಷ ಆಳಿದ ಆ ದೊರೆಯನ್ನು ಬಿಟ್ಟು ಬೇರೊಬ್ಬ ಅರಸನನ್ನು ಕಂಡವರು ಅಲ್ಲಿ ವೃದ್ಧರು ಮಾತ್ರ. ಸಂಸ್ಕೃತವನ್ನು ಬಲ್ಲವರಿಗೆ ಆ ಹೆಸರು ಅಪರಿಚಿತವಲ್ಲ: ಭೂಮಿಬಲ, ಅತುಲ್ಯತೇಜ. ರಾಜಮರಣವನ್ನು ಹೇಳುವುದಕ್ಕೆ ಅಲ್ಲಿ ಬಳಸುವ 'ಸವನ್‌ಖೊತ್' ಎಂಬುದು ಸ್ವರ್ಗಗತ ಶಬ್ದವೇ. ಪಾರ್ಥಿವ ಶರೀರವನ್ನಿರಿಸಿದ 'ದುಸಿತ್ ಮಹಾಪ್ರಾಸಾತ್' ತುಷಿತ ಮಹಾಪ್ರಾಸಾದ. ದಹನಕ್ಕಾಗಿ ಕಟ್ಟಿದ ಮಂದಿರವು ಮೇರುಪರ್ವತದ ಪ್ರತಿರೂಪ. ಸರ್ಕಾರದ ನೌಕರರು ಒಂದು ವರ್ಷ ಶೋಕವನ್ನು ಆಚರಿಸತಕ್ಕದ್ದೆಂದೂ, 30 ದಿನ ಧ್ವಜವನ್ನು ಅರ್ಧಕ್ಕೆ ಇಳಿಸತಕ್ಕದ್ದೆಂದೂ, ಆ ದಿನಗಳಲ್ಲಿ ಜನರು ವಿನೋದ ಕಾರ್ಯಗಳನ್ನು ಕೈಬಿಡಬೇಕೆಂದೂ ಸರ್ಕಾರವು ಪ್ರಕಟಿಸಿತು. 2017ರ ಅಕ್ಟೋಬರ್ 26ರಂದು ಸನಾಮ್ ಲುವಾಂಗ್ ಎಂಬ ಅರಮನೆಯ ಬಯಲಿನಲ್ಲಿ ದಹನಕ್ರಿಯೆ ನಡೆಯಿತು. 2025ರ ಅಕ್ಟೋಬರ್ 24ರಂದು ಆ ದೊರೆಯ ರಾಣಿಯವರಾದ ಸಿರಿಕಿತ್ ಅವರೂ ತೀರಿಕೊಂಡು ಆ ನಗರವು ಮತ್ತೊಮ್ಮೆ ಕಪ್ಪನ್ನುಟ್ಟಿತಾದಕಾರಣ, ಹಳೆಯ ದಿನಚರಿಗಳ ವಿಚಾರವು ಅಕಾಲಿಕವೇನಲ್ಲ.

ಮೊದಲು ಗುಣಗಳನ್ನು ಹೇಳುವುದು ನ್ಯಾಯ. ಅರಮನೆಯ ವಾರ್ತೆಯನ್ನು ಬರೆಯುವುದಕ್ಕೆ ಇತಿಹಾಸಕಾರರಿದ್ದಾರೆ. ಬೀದಿಯ ವಾರ್ತೆಯನ್ನು ಬರೆಯುವವರು ವಿರಳ. ಅಂಗಡಿಗಳಲ್ಲಿ ಕಪ್ಪು ಅಂಗಿಗಳು ಮುಗಿದು ಬೆಲೆಯೇರಿದ್ದು, ದೂರದರ್ಶನದಲ್ಲಿ ನಿತ್ಯದ ಕಾರ್ಯಕ್ರಮಗಳೆಲ್ಲ ನಿಂತು ಚಿತ್ರಗಳು ಬಣ್ಣಗೆಟ್ಟದ್ದು, ವೃತ್ತಪತ್ರಿಕೆಗಳ ಪುಟಗಳು ಕಪ್ಪುಬಿಳುಪಾದದ್ದು, ಬಾಡಿಗೆಯ ಮೋಟಾರು ಸೈಕಲ್ಲಿನವರು ಅಂತಿಮ ದರ್ಶನಕ್ಕೆ ಹೋಗುವವರನ್ನು ಕಾಸಿಲ್ಲದೆ ಕೊಂಡೊಯ್ದದ್ದು, ಬಯಲಿನ ಸುತ್ತ ಅನ್ನವನ್ನೂ ನೀರನ್ನೂ ಧರ್ಮಾರ್ಥವಾಗಿ ಹಂಚಿದ್ದು: ಇಂಥ ಸಂಗತಿಗಳನ್ನು ಊರಿನವನು ಬರೆಯುವುದಿಲ್ಲ, ಏಕೆಂದರೆ ಅವನು ಅವುಗಳ ಒಳಗೇ ಇದ್ದಾನೆ. ಮೀನಿಗೆ ನೀರು ಹೇಗೆ ಕಾಣಬೇಕು? ದಡದಲ್ಲಿ ನಿಂತವನಿಗೆ ಅದು ಕಾಣುತ್ತದೆ. ಪರದೇಶವಾಸಿಯ ದಿನಚರಿಗೆ ಬೆಲೆ ಬರುವುದು ಈ ಕಾರಣದಿಂದಲೇ.

ಆದರೆ ಕಂಡದ್ದನ್ನು ಹೇಳಿ ನಿಲ್ಲುವ ಸಂಯಮವು ಎಲ್ಲರಿಗೂ ಇರದು. ದಿನಚರಿಕಾರರಲ್ಲಿ ಒಂದು ಪಂಗಡದವರು, ಬೀದಿಯೆಲ್ಲ ಕಪ್ಪಾದುದನ್ನು ನೋಡಿ, ಇಡೀ ಜನಾಂಗವು ಒಂದೇ ಹೃದಯದಿಂದ ಅಳುತ್ತಿತ್ತೆಂದು ಬರೆದುಬಿಡುತ್ತಾರೆ. ಇದು ತರ್ಕಶಾಸ್ತ್ರದಲ್ಲಿ ಎಳೆಯರಿಗೆ ಹೇಳಿಕೊಡುವ ತಪ್ಪು. ಬೆಟ್ಟದ ಮೇಲಿನ ಮಂಜನ್ನು ಹೊಗೆಯೆಂದು ಭ್ರಮಿಸಿದವನು ಅಲ್ಲಿ ಬೆಂಕಿಯಿದೆಯೆಂದು ಸಾಧಿಸಲಾರನು. ಸಂಸ್ಕೃತದಲ್ಲಿ ಆವಿಗೂ ಕಣ್ಣೀರಿಗೂ ಬಾಷ್ಪವೆಂಬ ಒಂದೇ ಹೆಸರಿರುವುದು ಇಲ್ಲಿ ಸೊಗಸಾಗಿ ಒಪ್ಪುತ್ತದೆ. ಉಟ್ಟ ಬಟ್ಟೆಯಿಂದ ಹೃದಯವನ್ನು ಅನುಮಾನಿಸುವುದಕ್ಕೆ ನಿಯತವಾದ ಸಂಬಂಧವೊಂದು ಬೇಕು, ಅದು ಅಲ್ಲಿರಲಿಲ್ಲ. ಕಪ್ಪನ್ನುಡದೆ ಹೊರಬಂದವರನ್ನು ಹಲವರು ಬಹಿರಂಗವಾಗಿ ಹೀಯಾಳಿಸಿದ್ದುಂಟು. ಎಲ್ಲರ ಬಳಿಯಲ್ಲಿಯೂ ಕಪ್ಪು ಬಟ್ಟೆಯಿರಲಾರದೆಂದು ಸರ್ಕಾರವೇ ಜನರಿಗೆ ತಾಳ್ಮೆಯ ಮಾತನ್ನು ಹೇಳಬೇಕಾಯಿತು. ಹೀಗಿರುವಲ್ಲಿ, ದುಃಖದಿಂದ ಉಟ್ಟವನಾರು, ಅಂಜಿ ಉಟ್ಟವನಾರು ಎಂಬುದು ನೋಟಕನಿಗೆ ತಿಳಿಯುವ ಬಗೆ ಯಾವುದು?

ಎರಡನೆಯ ಪಂಗಡದವರು ಇದಕ್ಕೆ ವಿರುದ್ಧವಾದ ಕೊನೆಗೆ ಹೋಗಿ ನಿಲ್ಲುತ್ತಾರೆ. ಅವರ ಮತದಲ್ಲಿ ಎಲ್ಲವೂ ರಾಜದಂಡದ ಭಯ. ಈ ಮಾತಿಗೆ ಆಧಾರವಿಲ್ಲವೆಂದು ಹೇಳುವಂತಿಲ್ಲ. ಆ ದೇಶದ ದಂಡಸಂಹಿತೆಯ 112ನೆಯ ವಿಧಿಯ ಪ್ರಕಾರ ರಾಜನಿಂದೆಯ ಒಂದೊಂದು ಅಪರಾಧಕ್ಕೂ 3 ವರ್ಷದಿಂದ 15 ವರ್ಷದವರೆಗೆ ಸೆರೆವಾಸವುಂಟು. ಪರದೇಶದವರಿಗೂ ಅದರಿಂದ ವಿನಾಯಿತಿಯಿಲ್ಲ. ಆದುದರಿಂದ ಈ ದಿನಚರಿಗಳಲ್ಲಿ ಬರೆದಿರುವುದನ್ನು ಓದುವಾಗ ಬರೆಯದೆ ಬಿಟ್ಟಿರುವುದೂ ಇದೆಯೆಂಬುದನ್ನು ವಾಚಕರು ಮರೆಯತಕ್ಕದ್ದಲ್ಲ. ಆದರೆ ಭಯವುಂಟೆಂದ ಮಾತ್ರಕ್ಕೆ ದುಃಖವಿಲ್ಲವೆಂದು ಸಿದ್ಧವಾಗುವುದಿಲ್ಲ. 2016ರ ಅಕ್ಟೋಬರ್ 29ರಿಂದ ಒಂದು ವರ್ಷಕ್ಕೆ ಸ್ವಲ್ಪ ಕಡಮೆಯಾದ ಅವಧಿಯಲ್ಲಿ 1 ಕೋಟಿ 27 ಲಕ್ಷ ಮಂದಿ ಆ ಮಹಾಪ್ರಾಸಾದಕ್ಕೆ ಬಂದು ನಮಸ್ಕರಿಸಿ ಹೋದರು. ಕಪ್ಪು ಅಂಗಿಯನ್ನು ತೊಡುವುದು ಕ್ಷಣದ ಕೆಲಸ. ಬಿಸಿಲುಮಳೆಗಳಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವುದು ಹಾಗಲ್ಲ. ನಿಂತವರೆಲ್ಲರ ಮನಸ್ಸೂ ಒಂದೇ ಆಗಿತ್ತೆಂದು ಈ ಸಂಖ್ಯೆ ಹೇಳಲಾರದು. ಎಲ್ಲರನ್ನೂ ಯಾರೋ ದಬ್ಬಿ ತಂದರೆಂಬುದಕ್ಕೂ ಅದು ಒಪ್ಪಲಾರದು.

ಎರಡು ಪಂಗಡದವರ ತಪ್ಪಿಗೂ ಮೂಲ ಒಂದೇ: ಸೂತಕವನ್ನೂ ಶೋಕವನ್ನೂ ಒಂದೆಂದು ತಿಳಿದಿರುವುದು. ಧರ್ಮಶಾಸ್ತ್ರವು ಆಶೌಚವೆಂದು ಹೇಳಿ ಜನರು ಸೂತಕವೆಂದು ಕರೆಯುವ ಆಚರಣೆಯನ್ನು ಕನ್ನಡ ನಾಡಿನ ಮನೆಮನೆಯೂ ಬಲ್ಲದು. ಸತ್ತವನ ಮುಖವನ್ನೇ ಕಾಣದ ದೂರದ ದಾಯಾದಿಗೂ ಹತ್ತು ದಿನದ ಸೂತಕವಿದೆ. ದಿನವೂ ಅವನೊಡನೆ ಜಗುಲಿಯಲ್ಲಿ ಕುಳಿತು ಮಾತನಾಡುತ್ತಿದ್ದ ನೆರೆಯ ಗೆಳೆಯನಿಗೆ ಸೂತಕವೇ ಇಲ್ಲ. ಅಷ್ಟರಿಂದ ದಾಯಾದಿಯು ಕಪಟಿಯೆಂದಾಗಲಿ ಗೆಳೆಯನು ನಿರ್ದಯನೆಂದಾಗಲಿ ಯಾರೂ ಹೇಳುವುದಿಲ್ಲ. ಸೂತಕಕ್ಕೆ ದಿನಗಳ ಲೆಕ್ಕವುಂಟು, ಶೋಕಕ್ಕೆ ಇಲ್ಲ. ಥಾಯ್ ಭಾಷೆಯೂ ಈ ವಿವೇಕವನ್ನು ಉಳಿಸಿಕೊಂಡಿದೆ. ಸಾವಿನ ಆಚರಣೆಯನ್ನು ಕೈಕೊಳ್ಳುವುದಕ್ಕೆ ಅಲ್ಲಿ 'ವಾಯ್ ಥುಕ್', ಎಂದರೆ ದುಃಖವನ್ನು ಇರಿಸಿಕೊಳ್ಳುವುದು, ಎಂದು ಹೆಸರು. ಅದನ್ನು ಮುಗಿಸುವುದಕ್ಕೆ 'ಓಕ್ ಥುಕ್', ದುಃಖದಿಂದ ಹೊರಡುವುದು. ಥುಕ್ ಎಂಬುದು ದುಃಖ ಶಬ್ದವೇ. ಇರಿಸಿಕೊಳ್ಳುವುದೂ ಹೊರಡುವುದೂ ವಿಧಿಗೆ ಒಳಪಟ್ಟ ಕ್ರಿಯೆಗಳು. ಅವುಗಳ ಕೆಳಗೆ ಒಬ್ಬೊಬ್ಬನ ಮನಸ್ಸಿನಲ್ಲಿ ಏನು ನಡೆಯಿತೆಂಬುದು ಬೇರೆ ಮಾತು. ಆ ಭಾಷೆಯನ್ನು ಕಲಿಯದೆ ಅಲ್ಲಿ ಹಲವು ವರ್ಷ ಕಳೆದವರಿಗೆ ಈ ಭೇದವು ಹೊಳೆಯದೆ ಹೋದರೆ ಆಶ್ಚರ್ಯವಿಲ್ಲ.

ವಿಧಿಯನ್ನು ವಿಧಿಯೆಂದೇ ಅರಿತು ಬರೆದ ಪರದೇಶದವರು ಇಲ್ಲದಿಲ್ಲ. ಕ್ವಾರಿಚ್ ವೇಲ್ಸ್ ಎಂಬ ಆಂಗ್ಲ ವಿದ್ವಾಂಸರು 1924ರಿಂದ 1928ರವರೆಗೆ ಸಯಾಮಿನ ಆಸ್ಥಾನದ ಸೇವೆಯಲ್ಲಿದ್ದರು. 1925ರ ನವೆಂಬರಿನಲ್ಲಿ ವಜಿರಾವುಧ ದೊರೆಯವರು ತೀರಿಕೊಂಡು 1926ರ ಮಾರ್ಚಿನಲ್ಲಿ ಅವರ ದಹನವಾದಾಗ ವೇಲ್ಸ್ ಅವರು ಅಲ್ಲಿದ್ದವರು. ಸಯಾಮಿನ ರಾಜಕೀಯ ಉತ್ಸವಗಳನ್ನು ಕುರಿತ ಅವರ ಗ್ರಂಥವು 1931ರಲ್ಲಿ ಪ್ರಕಟವಾಯಿತು. ವಿಧಿಗಳು ಜನರನ್ನು ಒಂದುಗೂಡಿಸಿ ಸಮಾಜವನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಮಾಡುತ್ತವೆಯೆಂದು ತಿಳಿದು, ಬ್ರಾಹ್ಮಣ ಮತ್ತು ಬೌದ್ಧ ಅಂಶಗಳನ್ನು ಬಿಡಿಸಿ ತೋರಿಸಿದ ಆ ಗ್ರಂಥವು ಇಂದಿಗೂ ಪ್ರಮಾಣವಾಗಿದೆ. ಆದರೆ ಅದು ಶಾಸ್ತ್ರಗ್ರಂಥ. ಅದರ ದೃಷ್ಟಿಯು ಆಸ್ಥಾನದ ಕಡೆಗೆ ತಿರುಗಿದೆ. ಸುವರ್ಣಕೋಶವನ್ನೂ ರಥವನ್ನೂ ಅಲ್ಲಿ ಕಾಣಬಹುದು. ರಥ ಹೋದಮೇಲೆ ಅಂಗಡಿಯ ಬಾಗಿಲನ್ನು ಮತ್ತೆ ತೆರೆದವನನ್ನು ಕಾಣಲು ಸಾಮಾನ್ಯ ದಿನಚರಿಯೇ ಬೇಕು. ವೇಲ್ಸ್ ಅವರ ಜ್ಞಾನವೂ ದಿನಚರಿಕಾರನ ಕಣ್ಣೂ ಒಂದೆಡೆ ಸೇರಿದಲ್ಲಿ ಈ ಬಗೆಯ ಬರಹವು ಸಫಲವಾಗುವುದು.

ಅಂಥ ಸಫಲತೆಗೆ ವಿಷಯವಾಗತಕ್ಕ ದೃಶ್ಯವೊಂದು ಆ ದಿನಗಳಲ್ಲಿ ಬ್ಯಾಂಕಾಕಿನ ಬೀದಿಗಳಲ್ಲಿಯೇ ಇತ್ತು. ಕಪ್ಪು ಬಟ್ಟೆಯನ್ನು ಕೊಳ್ಳಲಾರದವರಿಗಾಗಿ ಅಲ್ಲಲ್ಲಿ ದೊಡ್ಡ ಪಾತ್ರೆಗಳಲ್ಲಿ ಕರಿಯ ಬಣ್ಣವನ್ನು ಕುದಿಸಿ, ತಂದವರ ಬಟ್ಟೆಗಳನ್ನು ಧರ್ಮಾರ್ಥವಾಗಿ ಅದ್ದಿಕೊಡುತ್ತಿದ್ದರು. ಹಸುರು, ಕೆಂಪು, ಹಳದಿಯ ಅಂಗಿಗಳು ಒಳಗೆ ಹೋಗಿ ಕಪ್ಪಾಗಿ ಹೊರಬರುತ್ತಿದ್ದವು. ಈ ಒಂದು ದೃಶ್ಯದಲ್ಲಿ ಬಡತನವಿದೆ, ನಾಲ್ವರ ಕಣ್ಣಿನ ಅಂಜಿಕೆಯಿದೆ, ಪರೋಪಕಾರವಿದೆ, ಭಕ್ತಿಯೂ ಇದೆ. ಯಾವುದು ಎಷ್ಟೆಂದು ತೂಗಿ ಹೇಳುವ ಅಗತ್ಯ ಲೇಖಕನಿಗಿಲ್ಲ. ರಸವನ್ನಾಗಲಿ ಸ್ಥಾಯಿಭಾವವನ್ನಾಗಲಿ ಅದರ ಹೆಸರಿನಿಂದಲೇ ಹೇಳುವುದು ದೋಷವೆಂದು ಮಮ್ಮಟನು ಎಣಿಸಿದ್ದಾನೆ. ಪಂಕ್ತಿಗೊಂದು ಸಲ 'ಶೋಕಸಾಗರ'ವೆಂದು ಬರೆಯುವವನಿಗಿಂತ, ಕುದಿಯುವ ಪಾತ್ರೆಯನ್ನೂ ಸಾಲಿನಲ್ಲಿ ನಿಂತ ಮುದುಕಿಯ ಕೈಯಲ್ಲಿನ ಅಂಗಿಯನ್ನೂ ತೋರಿಸಿ ಸುಮ್ಮನಾಗುವವನು ಸಹೃದಯರನ್ನು ಆ ನಗರದ ಒಳಗೆ ಹೆಚ್ಚು ದೂರ ಕರೆದೊಯ್ಯುತ್ತಾನೆ.

2017ರ ಅಕ್ಟೋಬರಿನ ಕೊನೆಗೆ ಶೋಕಾಚರಣೆಯ ಅವಧಿ ಮುಗಿಯಿತು. ದೊರೆಯ ಜನ್ಮವಾರವಾದ ಸೋಮವಾರದ ಬಣ್ಣ ಹಳದಿಯೆಂದು ಜನರು ನೆಟ್ಟಿದ್ದ ಚೆಂಡುಹೂವಿನ ಗಿಡಗಳು ಆ ತಿಂಗಳಲ್ಲಿ ಅರಳಿದ್ದವು. ಜನರು ಬಣ್ಣದ ಬಟ್ಟೆಗಳಿಗೆ ಹಿಂದಿರುಗಿದರು. ದಹನದ ವೈಭವವನ್ನು ವರ್ಣಿಸಿ ಲೇಖನಿಯನ್ನು ಕೆಳಗಿಡುವ ದಿನಚರಿಕಾರನು ಒಂದು ದಿನ ಮೊದಲೇ ಎದ್ದುಹೋದ ಅತಿಥಿ. ಸೂತಕ ಕಳೆದ ಮರುದಿನದ ಮನೆಯನ್ನು ನೋಡಿದವನೇ ಆ ಮನೆಯನ್ನು ನೋಡಿದವನು. ವರ್ಷ ಮುಗಿದೊಡನೆ ಕೊಂಡುತಂದ ಕಪ್ಪು ಅಂಗಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಬೇರೊಂದನ್ನು ತೊಡಬಹುದಾಗಿತ್ತು. ಪಾತ್ರೆಯಲ್ಲಿ ಅದ್ದಿಸಿದ ಹಳೆಯ ಅಂಗಿಯು ಮಾತ್ರ ಮತ್ತೆ ಹಸುರಾಗಲಿಲ್ಲ. ಬೇರೆಯದಿಲ್ಲದವರು ಅದನ್ನೇ ತೊಟ್ಟು ಕೆಲಸಕ್ಕೆ ಹೋಗಬೇಕಾಗಿತ್ತು.