ಬನ್ನಿ ಮತ್ತು ಬರ್ರಿ

ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಧಾರವಾಡಕ್ಕೆ ಬಂದ ಹೊಸದರಲ್ಲಿ, ಎರಡು ಊರುಗಳನ್ನೂ ಅಕ್ಕಪಕ್ಕ ಇಟ್ಟು ತೂಗುವುದೇ ನನ್ನ ಕೆಲಸವಾಗಿತ್ತು. ಅಲ್ಲಿ ಅರಮನೆ, ಇಲ್ಲಿ ಸಾಧನಕೇರಿ. ಅಲ್ಲಿ ಮೈಸೂರು ಪಾಕು, ಇಲ್ಲಿ ಪೇಢೆ. ಅಲ್ಲಿ ವೀಣೆ, ಇಲ್ಲಿ ಹಿಂದೂಸ್ತಾನಿ ಗಾಯನ. ಇದರಿಂದ ಯಾರಿಗೂ ನೋವಿಲ್ಲ. ಆದರೆ ಮಾತಿನ ವಿಷಯ ಬಂದಾಗ ನನ್ನ ತಕ್ಕಡಿ ತವರಿನ ಕಡೆಗೇ ವಾಲುತ್ತಿತ್ತು. ನಮ್ಮದು ಶುದ್ಧ, ಇವರದು ಒರಟು ಎಂದೇ ನಂಬಿದ್ದೆ. ನಾವು ನೋಡಿದ ಸಿನಿಮಾ, ನಾಟಕಗಳಲ್ಲಿ ಈ ಕಡೆಯ ಮಾತು ಬಂದರೆ ನಗಿಸಲಿಕ್ಕೇ ತಾನೆ?

ಒಂದು ದಿನ ನನ್ನ ಮಗಳು, "ಅಜ್ಜಿ, ಹಸಿವಿ ಆಗೇದ" ಎಂದಳು. "ಹಸಿವಾಗಿದೆ ಅನ್ನು" ಎಂದು ಗದರಿದೆ. ಅತ್ತೆ ಅಲ್ಲೇ ಇದ್ದರು, ಏನೂ ಅನ್ನಲಿಲ್ಲ. ಆದರೆ ಮರುದಿನದಿಂದ ಮೊಮ್ಮಗಳೊಡನೆ ಪುಸ್ತಕದ ಭಾಷೆಯಲ್ಲಿ, ತಡವರಿಸುತ್ತ ಮಾತಾಡತೊಡಗಿದರು. ಅಜ್ಜಿಯ ಕಥೆಗಳು ನಿಂತೇಹೋದವು. ನಾನು ತಿದ್ದಿದ್ದು ಮಗುವನ್ನಲ್ಲ, ಹಿರಿಯರನ್ನು ಎಂಬುದು ಆಗ ಹೊಳೆಯಿತು.

ತಪ್ಪು ಅಷ್ಟೇ ಅಲ್ಲ. ಮೈಸೂರಿನ ಕನ್ನಡ ಅರಸರ ನೆರಳಿನಲ್ಲಿ ಬೆಳೆಯಿತು. 1916ರಲ್ಲಿ ಅಲ್ಲಿ ವಿಶ್ವವಿದ್ಯಾನಿಲಯವೂ ಬಂತು. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಿಯದೇ ಮೇಲುಗೈ ಇದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಆಲೂರ ವೆಂಕಟರಾಯರು ಏಕೀಕರಣದ ಕನಸು ಬಿತ್ತಿದರು. 1956ರಲ್ಲಿ ಎರಡೂ ಊರುಗಳು ಒಂದೇ ರಾಜ್ಯಕ್ಕೆ ಸೇರಿದ್ದರ ಹಿಂದೆ ಇಂಥವರ ಬೆವರಿದೆ. ಹೆಣಗಾಡಿ ಕನ್ನಡ ಉಳಿಸಿಕೊಂಡ ಊರಿನ ಮಾತಿಗೆ, ಕೂತಲ್ಲೇ ಕನ್ನಡ ಪಡೆದ ಊರಿನವಳು ನಾನು ಕೆಂಪು ಶಾಯಿ ಹಚ್ಚಿದ್ದೆ!

ಧಾರವಾಡದವರೇನೂ ಸುಮ್ಮನಿರುವವರಲ್ಲ. ಮೈಸೂರಿನವರ ನಯವೆಲ್ಲ ಬಾಯಿಮಾತು ಎಂದು ಅವರೂ ಚುಚ್ಚುತ್ತಾರೆ. ಆದರೆ ಅವರ ಚುಚ್ಚು ಹರಟೆಯಲ್ಲೇ ಮುಗಿಯುತ್ತದೆ; ನಮ್ಮದು ಮಕ್ಕಳ ಬಾಯಿ ಕಟ್ಟುತ್ತದೆ. ಅತ್ತೆ, ಸೊಸೆ ಬೇರೆ ಬೇರೆ ಸೀಮೆಯವರಿರುವ ಮನೆಗಳಲ್ಲಿ ಇದನ್ನು ಸರಿಪಡಿಸಬೇಕಾದವರು ನಾವೇ ಅಲ್ಲವೆ?

ಮರುವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೀ, ಹಸಿವಿ ಆಗೇದ್ರಿ" ಎಂದೆ. ಅವರು ತಿರುಗಿ ನೋಡಿ ನಕ್ಕರು. "ಬರೋಬ್ಬರಿ ಬರಲಿಲ್ಲ ಬಿಡವಾ. ಕೂಡ ಬಾ, ಬಡಸ್ತೀನಿ."