ಬಾಲವಾಚನಾಭಿರುಚಿಯೂ ಗದುಗಿನ ಸೀಮೆಯ ಕಥಾಕಾವ್ಯಗಳೂ

ಕನ್ನಡದ ತಿರುಳು ಯಾವ ಸೀಮೆಯಲ್ಲಿ ನೆಲಸಿರುವುದೆಂಬುದನ್ನು ಕವಿರಾಜಮಾರ್ಗಕಾರನು 9ನೆಯ ಶತಮಾನದಲ್ಲಿಯೇ ವಿಚಾರಿಸಿ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಸ್ಥಳಗಳ ನಡುವಣ ನಾಡನ್ನು ಹೆಸರಿಸಿರುವನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳು ಅದರ ಸುತ್ತಣ ಊರುಗಳು. ಓದನ್ನು ಉದ್ದೇಶಿಸಿ ಅಭ್ಯಾಸಮಾಡದಿದ್ದರೂ ಈ ನಾಡಿನ ಜನರು ಕಾವ್ಯಪ್ರಯೋಗದಲ್ಲಿ ಪರಿಣತಮತಿಗಳೆಂದು ಅದೇ ಗ್ರಂಥದಲ್ಲಿರುವ ಪ್ರಶಂಸೆಯು ಸರ್ವವಿದಿತವಾದುದು. ಅಷ್ಟು ಪ್ರಸಿದ್ಧವಲ್ಲದಿದ್ದರೂ ಪ್ರಕೃತ ವಿಷಯಕ್ಕೆ ಅದಕ್ಕಿಂತ ಹತ್ತಿರವಾದ ಮಾತೊಂದು ಅದರ ಬಳಿಯಲ್ಲಿಯೇ ಇದೆ. ಇಲ್ಲಿಯ ಚಿಕ್ಕ ಮಕ್ಕಳು ಕೂಡ ತಮ್ಮ ನುಡಿಯಲ್ಲಿ ಜಾಣರು, ವಿವೇಕವನ್ನು ಬಲ್ಲವರು ಎಂಬುದೇ ಆ ಮಾತಿನ ತಾತ್ಪರ್ಯ.

ಮಾತಿನಲ್ಲಿ ಇಷ್ಟು ಚತುರನಾದ ಬಾಲಕನು ಪುಸ್ತಕವನ್ನು ಕಂಡೊಡನೆ ವಿಮುಖನಾಗುವುದು ಏಕೆ? ಇದು ಈ ಕಾಲದ ಉಪಾಧ್ಯಾಯರೆಲ್ಲರೂ ಕೇಳುತ್ತಿರುವ ಪ್ರಶ್ನೆ. ಮೊಬೈಲು, ದೂರದರ್ಶನಗಳೇ ಕಾರಣವೆಂದು ಹೇಳಿ ವಿಚಾರವನ್ನು ಮುಗಿಸುವವರುಂಟು. ಆದರೆ ಮೊಬೈಲು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಶಾಸ್ತ್ರವಿಮುಖರಾದ ರಾಜಪುತ್ರರ ಕಥೆಯಿಂದ ಸಂಸ್ಕೃತದ ಪಂಚತಂತ್ರವು ಆರಂಭವಾಗುವುದನ್ನು ನೆನೆದರೆ ಈ ಉತ್ತರವು ಸಾಲದೆಂಬುದು ಸ್ಪಷ್ಟವಾಗುವುದು. ದೋಷವನ್ನು ಬಾಲಕನಲ್ಲಿಯಾಗಲಿ ಕಾಲದಲ್ಲಿಯಾಗಲಿ ಹುಡುಕುವ ಮುನ್ನ, ಆತನ ಕೈಗೆ ಕೊಡುವ ಪುಸ್ತಕದಲ್ಲಿಯೂ ಕೊಡುವ ರೀತಿಯಲ್ಲಿಯೂ ಹುಡುಕುವುದು ನ್ಯಾಯ.

ಬಾಲಕರ ಪುಸ್ತಕಗಳನ್ನು ಬರೆಯುವವರೂ ಪಾಠಪುಸ್ತಕಗಳನ್ನು ಕೂಡಿಸುವವರೂ ಬಹುಮಟ್ಟಿಗೆ ಒಂದು ಹಳೆಯ ಉಪಮಾನವನ್ನು ನಂಬಿದವರು. ಮೊದಲು ಜೇನನ್ನು ನೆಕ್ಕಿದವರು ಕಹಿಯಾದ ಔಷಧವನ್ನು ಕುಡಿಯುವಂತೆ, ಕಾವ್ಯರಸವನ್ನು ಬೆರಸಿದರೆ ಜನರು ಶಾಸ್ತ್ರವನ್ನೂ ಸ್ವೀಕರಿಸುವರೆಂದು ಭಾಮಹನು ಹೇಳಿರುವನು. ಆಚಾರ್ಯನ ಮಾತು ಪೂಜ್ಯವೇ ಸರಿ. ಆದರೆ ಬಾಲವಾಙ್ಮಯಕ್ಕೆ ಇದನ್ನು ಸೂತ್ರವಾಗಿ ಹಿಡಿದುದರಿಂದ ಹಾನಿಯೇ ಹೆಚ್ಚಾಗಿದೆ. ಜೇನಿನ ಕೆಳಗೆ ಕಹಿಯಿದೆಯೆಂಬುದನ್ನು ಬಾಲಕನು ಒಂದೆರಡು ಸಲದಲ್ಲಿಯೇ ಅರಿತುಕೊಳ್ಳುವನು. ಆ ಬಳಿಕ ಜೇನನ್ನು ಕಂಡರೂ ಬಾಯಿ ಮುಚ್ಚುವನು. ಕಥೆಯ ಕೊನೆಯಲ್ಲಿ ನೀತಿಯೂ ನೀತಿಯ ಕೊನೆಯಲ್ಲಿ ಪ್ರಶ್ನೆಗಳೂ ಇರುವುದೆಂದು ಗೊತ್ತಾದ ಮೇಲೆ ಕಥೆಯ ಮೊದಲ ಪಂಕ್ತಿಯೇ ಅವನಿಗೆ ಕಹಿಯಾಗುವುದು.

ಇದಕ್ಕೆ ಪ್ರತಿಪಕ್ಷವು ಅಲಂಕಾರಶಾಸ್ತ್ರದಲ್ಲಿಯೇ ಇದೆ. ಶಾಸ್ತ್ರವು ಕಟುವಾದ ಔಷಧದಂತೆ ಅವಿದ್ಯೆಯನ್ನು ನೀಗಿಸುವುದು, ಕಾವ್ಯವಾದರೋ ಅಮೃತದಂತೆ ಆಹ್ಲಾದವನ್ನು ಕೊಡುತ್ತಲೇ ಅವಿವೇಕವನ್ನು ಕಳೆಯುವುದು ಎಂದು ವಕ್ರೋಕ್ತಿಜೀವಿತಕಾರನಾದ ಕುಂತಕನು ವಿಭಾಗಿಸಿರುವನು. ಇಲ್ಲಿ ಜೇನು ಬೇರೆ, ಮದ್ದು ಬೇರೆ ಎಂಬ ಭೇದವಿಲ್ಲ. ಸವಿಯೇ ಮದ್ದು. ಸುಕುಮಾರಮತಿಗಳೂ ಕ್ಲೇಶಭೀರುಗಳೂ ಆದ ರಾಜಪುತ್ರರನ್ನು ಗಮನದಲ್ಲಿಟ್ಟು ಆತನು ಕಾವ್ಯಪ್ರಯೋಜನವನ್ನು ವಿವರಿಸಿರುವುದರಿಂದ, ಈ ಮಾತು ಬಾಲಶಿಕ್ಷಣಕ್ಕೆ ನೇರವಾಗಿಯೇ ಸಲ್ಲುವುದು. ಮಮ್ಮಟನು ಹೇಳುವ ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತಗಳೆಂಬ ಉಪದೇಶಭೇದವೂ ಇದನ್ನೇ ಸಮರ್ಥಿಸುವುದು. ಕಾಂತೆಯಂತೆ ಒಲಿಸಬೇಕಾದ ಕಾವ್ಯವನ್ನು ಪಾಠಶಾಲೆಯು ಪ್ರಭುವಿನ ಆಜ್ಞೆಯಾಗಿ ಮಾಡಿದೆ. ಓದಿನ ಮೇಲಣ ಅರುಚಿಗೆ ಇದೇ ಬೀಜ.

ಭಾಮಹ, ಕುಂತಕರ ಮಾತುಗಳಲ್ಲಿ ಯಾವುದು ಅನುಭವಕ್ಕೆ ಸರಿಹೊಂದುವುದೆಂಬುದನ್ನು ಗದುಗಿನ ಸೀಮೆಯ ಕೃತಿಗಳಿಂದಲೇ ಪರೀಕ್ಷಿಸಬಹುದು. ರೋಣ ತಾಲೂಕಿನ ಸವಡಿಯೇ ದುರ್ಗಸಿಂಹನು ಹೇಳುವ ಸಯ್ಯಡಿ ಎಂಬ ಅಗ್ರಹಾರ. ಚಾಲುಕ್ಯ ಜಯಸಿಂಹ ಜಗದೇಕಮಲ್ಲನಲ್ಲಿ ಸಂಧಿವಿಗ್ರಹಿಯಾಗಿದ್ದ ಈ ಕವಿಯು 1031ರಲ್ಲಿ ಪಂಚತಂತ್ರವನ್ನು ಕನ್ನಡಿಸಿದನು. ಪ್ರಚಾರದಲ್ಲಿದ್ದ ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿ, ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯಗಳೆಂಬ ಐದು ಪ್ರಕರಣಗಳಲ್ಲಿ ಕಥೆಗಳನ್ನು ಹೆಣೆದಿರುವನು. ಕಥಾಸಂಗ್ರಹವೆಂಬ ದೃಷ್ಟಿಯಿಂದ ಇದು ಕನ್ನಡದ ಅಮೂಲ್ಯವಾದ ನಿಧಿ. ಬಾಲಕರ ಓದಿನ ದೃಷ್ಟಿಯಿಂದ ನೋಡಿದರೆ ಮಾತ್ರ ಒಂದು ವಿಪರ್ಯಾಸವು ಕಾಣುವುದು. ಓದನ್ನು ಒಲ್ಲದ ಹುಡುಗರನ್ನು ಒಲಿಸುವುದಕ್ಕೆಂದು ಹುಟ್ಟಿದ ಕಥೆಗಳು ಇಲ್ಲಿ ಸಮಾಸಭೂಯಿಷ್ಠವಾದ ಚಂಪುವಿನ ಉಡುಪನ್ನು ಧರಿಸಿ ರಾಜಸಭೆಯ ಪಂಡಿತರ ಬಳಿಗೆ ಹೋಗಿವೆ. ಕವಿಗೆ ಇದು ದೋಷವಲ್ಲ, ಆತನು ಸಭೆಗಾಗಿಯೇ ಬರೆದವನು. ಇದನ್ನು ಬಾಲಕರಿಗೆ ದಾಟಿಸುವ ಹೊಣೆಯು ಅನಂತರದವರದು.

ಆ ದಾಟಿಸುವ ಕಾರ್ಯವು ನಡೆದ ಬಗೆಯೇ ವಿಮರ್ಶೆಗೆ ಅರ್ಹವಾದುದು. ಸಂಸ್ಕೃತ ಪಂಚತಂತ್ರದ ಮೊದಲ ತಂತ್ರದಲ್ಲಿ ಸಿಂಹ ಪಿಂಗಲಕನೂ ಎತ್ತು ಸಂಜೀವಕನೂ ಪ್ರಾಣಮಿತ್ರರಾಗುವರು. ದಮನಕನೆಂಬ ನರಿಯು ಅವರಲ್ಲಿ ಭೇದವನ್ನು ಹುಟ್ಟಿಸುವುದು. ಎತ್ತು ಸಾಯುವುದು, ಸಿಂಹವು ಮರುಗುವುದು, ನರಿಯೇ ಮಂತ್ರಿಪದವಿಯಲ್ಲಿ ಉಳಿಯುವುದು. ಇದನ್ನು ಕೇಳಿದ ಬಾಲಕನು ಸುಮ್ಮನೆ ಕುಳಿತು ಯೋಚಿಸುವನು. ನರಿಗೆ ಶಿಕ್ಷೆಯೇಕೆ ಆಗಲಿಲ್ಲವೆಂದು ಮರುದಿನ ಬಂದು ಕೇಳುವನು. ಆ ಪ್ರಶ್ನೆಯೇ ವಿವೇಕದ ಮೊಳಕೆ. ಬಾಲಕರಿಗೆಂದು ಸಂಕ್ಷೇಪಿಸಿದ ಪುಸ್ತಕಗಳಲ್ಲಿಯಾದರೋ ಕಥೆಯು ಅರ್ಧ ಪುಟಕ್ಕೆ ಇಳಿದು, ಚಾಡಿಯ ಮಾತನ್ನು ಕೇಳಬಾರದೆಂಬ ನೀತಿಯು ಕೆಳಗೆ ದಪ್ಪಕ್ಷರದಲ್ಲಿ ನಿಲ್ಲುವುದು. ಬಾಲಕನು ತಾನೇ ಕೇಳಬೇಕಾದ ಪ್ರಶ್ನೆಯನ್ನು ಕಿತ್ತುಕೊಂಡು, ತನ್ನದಲ್ಲದ ಉತ್ತರವನ್ನು ಅವನ ಕೈಗಿತ್ತಂತಾಯಿತು. ಇದು ಸಂಕ್ಷೇಪವಲ್ಲ, ರಸಭಂಗ.

ಮುಳುಗುಂದದ ನಯಸೇನನ ಧರ್ಮಾಮೃತವು ಇನ್ನೊಂದು ಸಾಕ್ಷ್ಯ. 1112ರ ಈ ಗ್ರಂಥದ 14 ಆಶ್ವಾಸಗಳಲ್ಲಿ ಸಮ್ಯಗ್ದರ್ಶನ, ಅದರ ಎಂಟು ಅಂಗಗಳು, ಐದು ಅಣುವ್ರತಗಳು ಎಂಬಿವುಗಳಿಗೆ ಒಂದೊಂದು ಕಥೆಯನ್ನು ಕವಿಯು ನಿದರ್ಶನವಾಗಿ ಹೇಳಿರುವನು. ಕನ್ನಡದಲ್ಲಿ ಸಲ್ಲದ ಸಂಸ್ಕೃತವನ್ನು ಬೆರಸುವುದು ತುಪ್ಪಕ್ಕೆ ಎಣ್ಣೆಯನ್ನು ಬೆರಸಿದಂತೆಂಬ ಆತನ ಆಕ್ಷೇಪವು ಪ್ರಸಿದ್ಧವಾಗಿದೆ. ತನ್ನ ಮಾತನ್ನು ತಾನೇ ಎಲ್ಲ ಕಡೆಯಲ್ಲಿಯೂ ನಡೆಸಲಿಲ್ಲವೆಂಬುದು ನಿಜ. ಆದರೂ ಮನೆ, ಹೊಲ, ಸಂತೆಗಳಿಂದ ಆರಿಸಿದ ಉಪಮೆಗಳೂ ಗಾದೆಗಳೂ ಆತನ ಗದ್ಯದಲ್ಲಿ ಸಾಲುಗಟ್ಟಿ ಬರುವುದು ಅಷ್ಟೇ ನಿಜ. ಒಂದು ಉಪಮೆಯು ಸಾಲುವ ಎಡೆಯಲ್ಲಿ ಹತ್ತನ್ನು ಸುರಿಯುವುದು ಔಚಿತ್ಯವಲ್ಲವೆಂದು ವಿಮರ್ಶಕರು ಆತನನ್ನು ಆಕ್ಷೇಪಿಸುವರು. ಪ್ರೌಢವಾಚಕನಿಗೆ ಅದು ಸಲ್ಲುವ ಆಕ್ಷೇಪ. ಬಾಲಕರನ್ನು ಬಲ್ಲವರು ಇದನ್ನು ಬೇರೆಯಾಗಿ ತೂಗಬೇಕು. ಒಂದರ ಮೇಲೊಂದು ಹೋಲಿಕೆಯನ್ನು ಪೇರಿಸುತ್ತ ಹೋಗುವುದೇ ಮಕ್ಕಳ ಆಟದ ಮಾತಿನ ಸ್ವಭಾವ. ನಯಸೇನನ ಉದ್ದೇಶವು ಧರ್ಮೋಪದೇಶವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಧರ್ಮದವರಲ್ಲದ ಓದುಗರೂ ಆತನ ಕಥೆಗಳನ್ನು ಸವಿಯುವರು. ತತ್ತ್ವವನ್ನು ಮರೆತ ಮೇಲೂ ಉಳಿಯುವುದು ಯಾವುದೋ ಅದು ಲೇಪವಾಗಲಾರದು. ಭಾಮಹನ ಉಪಮಾನಕ್ಕಿಂತ ಕುಂತಕನ ವಿಭಾಗವೇ ಯುಕ್ತವೆಂಬುದಕ್ಕೆ ಧರ್ಮಾಮೃತವೇ ಪ್ರಮಾಣ.

ಬಾಲ್ಯವನ್ನು ಕಳೆದು ಕೌಮಾರಕ್ಕೆ ಕಾಲಿಟ್ಟವರ ವಿಷಯದಲ್ಲಿ ಕುಮಾರವ್ಯಾಸನಿಗಿಂತ ಉತ್ತಮವಾದ ಸಾಕ್ಷಿಯಿಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕಂಬವೊಂದನ್ನು ಒರಗಿ ಕುಳಿತು, ಮಿಂದು ಬಂದ ಒದ್ದೆಬಟ್ಟೆಯು ಆರುವವರೆಗೆ ಆತನು ಕಾವ್ಯವನ್ನು ರಚಿಸುತ್ತಿದ್ದನೆಂಬ ಐತಿಹ್ಯವನ್ನು ಆ ಊರಿನ ಮಕ್ಕಳಿಗೆ ಹಿರಿಯರು ಇಂದಿಗೂ ಹೇಳುವರು. ಹತ್ತು ಪರ್ವಗಳ ಆ ಭಾರತವು ಹಳ್ಳಿಗಳಲ್ಲಿ ಹಬ್ಬಿದುದು ಕಣ್ಣಿನ ಓದಿನಿಂದಲ್ಲ, ಕಿವಿಯ ಓದಿನಿಂದ. ಒಬ್ಬನು ಓದುವನು, ಇನ್ನೊಬ್ಬನು ಅರ್ಥವನ್ನು ಹೇಳುವನು, ಊರು ಕೇಳುವುದು. ವಿರಾಟಪರ್ವದ ಉತ್ತರಕುಮಾರನು ಅಂತಃಪುರದ ಹೆಂಗಳೆಯರ ಮುಂದೆ ಕೊಚ್ಚಿಕೊಂಡು ಹೊರಟು, ಕೌರವಸೇನೆಯನ್ನು ಕಂಡೊಡನೆ ರಥದಿಂದ ಇಳಿದು ಓಡುವ ಪ್ರಸಂಗವನ್ನು ಕೇಳಿ ನಗದ ಹುಡುಗನಿಲ್ಲ. ಆ ನಗೆಯಲ್ಲಿ ತನ್ನನ್ನೇ ತಾನು ಕಂಡುಕೊಳ್ಳದ ಹುಡುಗನೂ ವಿರಳ. ಬಡಾಯಿಯು ಕೆಟ್ಟದ್ದೆಂದು ಅಲ್ಲಿ ಯಾರೂ ಬೋಧಿಸಬೇಕಾಗಿಲ್ಲ. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿನ ಪ್ರಸಂಗದಲ್ಲಿ ಅದೇ ವಯಸ್ಸಿನ ಶ್ರೋತೃವು ಅಳುವನು. ಹಾಸ್ಯವೂ ಕರುಣವೂ ಹೀಗೆ ಎದೆಗೆ ತಾಕಿದವನೇ ಮುಂದೆ ಪುಸ್ತಕವನ್ನು ತಾನಾಗಿ ಅರಸಿಕೊಂಡು ಹೋಗುವನು. ಕಾವ್ಯಾನುಶೀಲನದ ಅಭ್ಯಾಸದಿಂದ ಮನೋಮುಕುರವು ನಿರ್ಮಲವಾದವನೇ ಸಹೃದಯನೆಂದು ಅಭಿನವಗುಪ್ತನು ಹೇಳುವಾಗ, ಸಹೃದಯತ್ವಕ್ಕೆ ಅಭ್ಯಾಸವೂ ಬೇಕೆಂಬುದೇ ಅಭಿಪ್ರಾಯ. ಆ ಅಭ್ಯಾಸದ ಮೊದಲ ಮೆಟ್ಟಿಲು ಶ್ರವಣ.

ಕಿವಿಯ ಓದು ನಿಜವಾದ ಓದೇ ಎಂದು ಶಂಕಿಸುವವರಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಉತ್ತರ. ಬಾಲ್ಯದಲ್ಲಿಯೇ ಕಣ್ಣನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914-2010) ಪಂಚಾಕ್ಷರಿ ಗವಾಯಿಗಳ ಬಳಿಯಲ್ಲಿ ವಿದ್ಯೆಯನ್ನು ಪಡೆದು, ಸಂಗೀತದಲ್ಲಿ ಪ್ರವೀಣರಾದುದಲ್ಲದೆ ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿಯೂ ಕೃತಿಗಳನ್ನು ರಚಿಸಿದರು. ಕಣ್ಣಿಲ್ಲದವರಿಗೆ ಕಿವಿಯಿಂದ ಕಾವ್ಯವು ದಕ್ಕುವುದಾದರೆ, ಕಣ್ಣುಳ್ಳ ಬಾಲಕರಿಗೆ ಕಿವಿಯನ್ನು ಮುಚ್ಚಿ ಕಣ್ಣೊಂದರಿಂದಲೇ ಓದಿಸುವ ಹಟವು ಅರ್ಥವಿಲ್ಲದ್ದು.

ಇಷ್ಟರಿಂದ ಕಿವಿಗೆ ಬಿದ್ದುದೊಂದೇ ಸಾಕೆಂದು ಹೇಳಿದಂತಾಗಲಿಲ್ಲ. ರುಚಿ ಹುಟ್ಟಿದವನ ಕೈಗೆ ಪುಸ್ತಕವು ಸಿಕ್ಕಬೇಕು. ಇದನ್ನು ಸಾವಿರ ವರ್ಷಗಳ ಹಿಂದೆಯೇ ಅರಿತವಳು ಲಕ್ಕುಂಡಿಯ ಅತ್ತಿಮಬ್ಬೆ. ಆಕೆಯು ಕಟ್ಟಿಸಿದ ಬಸದಿಯ ಶಾಸನವು 1007ರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆಯು ದಾನಮಾಡಿದ ಸಂಗತಿಯು ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಪ್ರಖ್ಯಾತವಾಗಿದೆ. ಕಂಠದಿಂದ ಓಲೆಯ ಮೇಲೆ ಒಂದೊಂದೇ ಅಕ್ಷರವನ್ನು ಕೊರೆಯುತ್ತಿದ್ದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಕೈಗಳ ಎಷ್ಟು ದಿನಗಳ ದುಡಿಮೆಯೆಂಬುದನ್ನು ಊಹಿಸಬಹುದು. ಪುಸ್ತಕವು ಭಂಡಾರದಲ್ಲಿ ಇರುವುದಕ್ಕಲ್ಲ, ಮನೆಗೆ ಹೋಗುವುದಕ್ಕೆ ಎಂಬುದೇ ಆ ದಾನದ ಅರ್ಥ.

ಈ ಕಾಲದಲ್ಲಿ ಅಂಥ ದಾನವು ಪ್ರಭುತ್ವದ ಕೆಲಸವಾಗಿದೆ. ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಅಭಿಯಾನವನ್ನು ಆರಂಭಿಸಿ, 6ರಿಂದ 18 ವಯಸ್ಸಿನ ಮಕ್ಕಳಿಗೆ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಶುಲ್ಕವಿಲ್ಲದೆ ಸದಸ್ಯತ್ವವನ್ನು ಕೊಟ್ಟಿತು. ಇದು ಶ್ಲಾಘ್ಯವಾದುದು. ಆದರೆ ಸದಸ್ಯತ್ವವು ಬಾಗಿಲನ್ನು ತೆರೆಯುವುದೇ ಹೊರತು ಒಳಗೆ ಕರೆಯಲಾರದು. ಕರೆಯುವುದು ದನಿ. ಪುಸ್ತಕವು ಹರಿದೀತೆಂದು ಕಪಾಟಿಗೆ ಬೀಗವನ್ನು ಹಾಕುವಲ್ಲಿ ಅತ್ತಿಮಬ್ಬೆಯ ದಾನವು ಸಾರ್ಥಕವಾಗದು. ಓದಿ ಹರಿದ ಪುಸ್ತಕವು ಗ್ರಂಥಾಲಯಕ್ಕೆ ಭೂಷಣ. ಹುಳು ತಿಂದುದು ಮಾತ್ರವೇ ನಷ್ಟ.

ಪುಸ್ತಕವನ್ನು ಆರಿಸುವಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಬಾಲಕನು ತನ್ನ ಊರನ್ನು ಪುಸ್ತಕದಲ್ಲಿ ಕಂಡಾಗ ಪುಸ್ತಕವು ಅವನಿಗೆ ಪರಕೀಯವಾಗಿ ಉಳಿಯುವುದಿಲ್ಲ. ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ ತಂದ ಆದಯ್ಯನ ಚರಿತ್ರೆಯನ್ನು ರಾಘವಾಂಕನು ಸೋಮನಾಥಚಾರಿತ್ರದಲ್ಲಿ ಹಾಡಿರುವನು. ಆ ಸೋಮೇಶ್ವರನ ಗುಡಿಯು ಲಕ್ಷ್ಮೇಶ್ವರದ ಹುಡುಗನ ಕಣ್ಣೆದುರಿಗೇ ಇದೆ. ಗುಡಿಯ ಕಟ್ಟೆಯ ಮೇಲೆ ಕುಳಿತು ಆ ಕಥೆಯನ್ನು ಕೇಳಿದವನಿಗೆ ಕಾವ್ಯವೂ ಕಲ್ಲೂ ಒಂದರೊಡನೊಂದು ಮಾತಾಡುವುವು. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿಯ ಭೀಮರಾಯನ ಕಥೆಯು ಆ ಊರಿನ ಹುಡುಗರಿಗೂ, ಹಿಂದು ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರಮಠದ ಐತಿಹ್ಯಗಳು ಶಿರಹಟ್ಟಿಯ ಹುಡುಗರಿಗೂ ಹೀಗೆಯೇ ಓದಿನ ಹೊಸ್ತಿಲಾಗಬಲ್ಲವು. ಹೊಸ್ತಿಲನ್ನು ದಾಟಿದವನು ದೂರದ ಮನೆಗಳಿಗೂ ಹೋಗುವನು.

ಹೀಗಾದರೆ ವ್ಯಾಕರಣವೂ ಅರ್ಥಶುದ್ಧಿಯೂ ಗತಿಗೆಡುವುವೆಂದು ಪಾಠಶಾಲೆಯ ಪಕ್ಷದವರು ಆಕ್ಷೇಪಿಸಬಹುದು. ಅಮರಕೋಶ, ಶಬ್ದಮಂಜರಿಗಳನ್ನು ಕಂಠಪಾಠಮಾಡಿದ ಮೇಲಲ್ಲವೇ ಕಾವ್ಯಪ್ರವೇಶವೆಂಬುದು ಅವರ ವಾದ. ಆ ಕ್ರಮದಿಂದ ಘನಪಂಡಿತರು ಹುಟ್ಟಿದುದು ನಿಜ. ಅದೇ ಕ್ರಮದಲ್ಲಿ ನಡುದಾರಿಯಲ್ಲಿಯೇ ಬಿಟ್ಟುಹೋದವರನ್ನು ಎಣಿಸಿದವರಿಲ್ಲ. ವ್ಯಾಕರಣಕ್ಕೆ 12 ವರ್ಷಗಳು ಬೇಕೆಂದು ಮಂತ್ರಿಗಳು ಹೇಳಿದಾಗ, 6 ತಿಂಗಳು ಸಾಕೆಂದು ವಿಷ್ಣುಶರ್ಮನು ಪಂಥ ಹಾಕಿದುದು ವ್ಯಾಕರಣದ್ವೇಷದಿಂದಲ್ಲ. ಕಥೆಗೆ ಮನಸೋತವನು ಮಾತಿನ ಮರ್ಮವನ್ನು ತಾನೇ ಕೇಳಿಕೊಂಡು ಬರುವನೆಂಬುದನ್ನು ಆತನು ಬಲ್ಲನು. ಕೇಳಿ ಬಂದವನಿಗೆ ಕೊಟ್ಟ ವ್ಯಾಕರಣವು ನಿಲ್ಲುವುದು. ಕೇಳದವನ ಮೇಲೆ ಹೇರಿದುದು ಪರೀಕ್ಷೆಯ ಮರುದಿನ ಉದುರುವುದು.

ಆದುದರಿಂದ ಉಪಾಧ್ಯಾಯರ ಕರ್ತವ್ಯವು ದೊಡ್ಡ ಯೋಜನೆಗಳನ್ನು ಬೇಡುವುದಲ್ಲ. ದಿನಕ್ಕೆ ಅರ್ಧ ಗಂಟೆ ಒಳ್ಳೆಯ ಪುಸ್ತಕವೊಂದನ್ನು ಮಕ್ಕಳೆದುರಿಗೆ ಗಟ್ಟಿಯಾಗಿ ಓದಬೇಕು. ಪುರಾಣಿಕರು ಮಾಡುತ್ತಿದ್ದಂತೆ ಕುತೂಹಲವು ಏರಿದ ಎಡೆಯಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗಬೇಕು. ಆ ಓದಿನ ಮೇಲೆ ಪ್ರಶ್ನೆಯನ್ನು ಹಾಕಬಾರದು, ಅಂಕಗಳನ್ನು ಕೊಡಬಾರದು. ನೀತಿಯನ್ನು ಹೇಳುವ ಆಸೆಯು ನಾಲಗೆಯ ತುದಿಗೆ ಬಂದರೂ ನುಂಗಿಕೊಳ್ಳಬೇಕು. ದೊಡ್ಡ ಹುಡುಗರಿಗೆ ಕಾವ್ಯದ ತುಣುಕುಗಳನ್ನಲ್ಲ, ಇಡಿಯ ಪ್ರಸಂಗವನ್ನೇ ಕೊಡಬೇಕು. ಎಲ್ಲಕ್ಕೂ ಮಿಗಿಲಾಗಿ, ತಮ್ಮ ಸಂತೋಷಕ್ಕಾಗಿ ಓದುತ್ತಿರುವ ಉಪಾಧ್ಯಾಯರನ್ನು ಮಕ್ಕಳು ಕಣ್ಣಾರೆ ಕಾಣಬೇಕು. ತಾನು ಸವಿಯದುದನ್ನು ಬಡಿಸುವವನ ಕೈಯಡಿಗೆಯನ್ನು ಯಾವ ಮಗುವೂ ನಂಬದು.

ಪುಲಿಗೆರೆಯ ನಾಡಿನ ಮಕ್ಕಳು ತಮ್ಮ ನುಡಿಯಲ್ಲಿ ಜಾಣರೆಂಬ ಮಾತು ಇಂದಿಗೂ ಸುಳ್ಳಾಗಿಲ್ಲ. ಆ ಜಾಣ್ಮೆಯನ್ನು ಪುಸ್ತಕದ ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷಿಸದೆ ಒಳಗೆ ಬರಮಾಡಿಕೊಂಡರೆ ಸಾಕು.